ವಕೋಲಾದ ವಿಳಾಸ

1990ರಲ್ಲಿ ಮುಂಬೈಯಿಂದ ‘ಬಾಂಬೆ ದೋಸ್ತ್’ ಎಂಬ ಪತ್ರಿಕೆ ಹೊರಬಂತು. ಸಿಗುತ್ತಿದ್ದದ್ದು ಬೆರಳೆಣಿಕೆಯ ಅಂಗಡಿಗಳಲ್ಲಿ, ಅದೂ ಕಂದು ಕಾಗದ ಸುತ್ತಿಕೊಂಡು. ಆ ಕಾಗದದೊಳಗೆ ಕದ್ದು ನೋಡುವಂಥದ್ದೇನೂ ಇರಲಿಲ್ಲ. ಒಂದಿಷ್ಟು ಸುದ್ದಿ, ಆರೋಗ್ಯದ ಮಾತು, ಓದುಗರ ಪತ್ರ, ಸ್ನೇಹಿತರನ್ನು ಅರಸುವ ನಾಲ್ಕು ಸಾಲಿನ ಪ್ರಕಟಣೆಗಳು. ಗಂಡನ್ನೇ ಪ್ರೀತಿಸುವ ಗಂಡಸರು, ಹೆಣ್ಣನ್ನೇ ಪ್ರೀತಿಸುವ ಹೆಂಗಸರು ತಮ್ಮದೆಂದು ಹೇಳಿಕೊಳ್ಳಬಹುದಾದ, ಕಾನೂನು ಪ್ರಕಾರ ನೋಂದಣಿಯಾದ, ದೇಶದ ಮೊದಲ ಪತ್ರಿಕೆ ಅದು. ಮಾರುವವನಿಗೆ ಮರ್ಯಾದೆಯ ಭಯ, ಕೊಳ್ಳುವವನಿಗೆ ಅದಕ್ಕಿಂತ ದೊಡ್ಡ ಭಯ; ಕಂದು ಕಾಗದ ಇಬ್ಬರನ್ನೂ ಕಾಯುತ್ತಿತ್ತು. ಭಾರತೀಯ ದಂಡಸಂಹಿತೆಯ 377ನೇ ಕಲಂ ಆಗ ಜಾರಿಯಲ್ಲಿತ್ತು. 1860ರಲ್ಲಿ ಬ್ರಿಟಿಷರು ಬರೆದಿಟ್ಟ ಆ ಕಲಮಿನ ಪ್ರಕಾರ ‘ಪ್ರಕೃತಿ ನಿಯಮಕ್ಕೆ ವಿರುದ್ಧವಾದ’ ಸಂಗಕ್ಕೆ ಹತ್ತು ವರ್ಷ, ಬೇಕಿದ್ದರೆ ಜೀವಾವಧಿ. ಇಂಥ ಪತ್ರಿಕೆಯ ಮುಖ್ಯ ಪುಟ ಯಾವುದು ಎಂದು ಕೇಳಿದರೆ ಪತ್ರ ಬರೆಯಬೇಕಾದ ವಿಳಾಸ ಅಚ್ಚಾಗಿದ್ದ ಪುಟ ಎನ್ನಬೇಕು. ಊರೂರುಗಳಿಂದ ಕಾಗದಗಳು ಬರತೊಡಗಿದ್ದು ಆ ವಿಳಾಸಕ್ಕೆ.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಕೋರ್ಟುಗಳ ಕಥೆಯಾಗಿ ಹೇಳುತ್ತಾರೆ. 2009ರಲ್ಲಿ ದೆಹಲಿ ಹೈಕೋರ್ಟು 377ರ ಗಂಟನ್ನು ಬಿಡಿಸಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕಟ್ಟಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಕೊನೆಗೂ ಬಿಚ್ಚಿತು. ತಾರೀಖುಗಳು ಸರಿಯಾಗಿವೆ, ಕಥೆ ತಲೆಕೆಳಗಾಗಿದೆ. ಮುಂಬೈಯ ಮೂವತ್ತೈದು ವರ್ಷಗಳನ್ನು ಸಾಲಾಗಿಟ್ಟು ನೋಡಿದರೆ ಕಾನೂನು ಮೊದಲು ಬದಲಾಗಿ ಆಮೇಲೆ ನೆರವು ಹುಟ್ಟಿದ್ದು ಎಲ್ಲೂ ಕಾಣುವುದಿಲ್ಲ. ಒಂದು ಅಂಚೆ ವಿಳಾಸ, ಒಂದು ಕೋಣೆ, ಒಂದು ಫೋನ್ ನಂಬರು, ಬಾಗಿಲು ತೆರೆಯುವ ಒಬ್ಬ ತಾಯಿ ಇವೆಲ್ಲ ಮೊದಲು ಬಂದವು. ಅಲ್ಲಿಗೆ ಬಂದವರ ಮಾತು ಕೇಳಿ ಕೇಳಿ ಕಾನೂನನ್ನು ಪ್ರಶ್ನಿಸುವ ಶಕ್ತಿ ಹುಟ್ಟಿತು. ಇದು ನನ್ನ ವಾದ. ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ, ಒಂದೊಂದಾಗಿ ನೋಡೋಣ.

ಪತ್ರಿಕೆಯ ಹಿಂದಿದ್ದವರಲ್ಲಿ ಪ್ರಮುಖರು ಅಶೋಕ್ ರಾವ್ ಕವಿ. ವೃತ್ತಿಯಿಂದ ಪತ್ರಕರ್ತರು. ಯೌವನದಲ್ಲಿ ಸನ್ಯಾಸಿಯಾಗಬೇಕೆಂದು ಕೆಲಕಾಲ ರಾಮಕೃಷ್ಣ ಮಠದಲ್ಲಿದ್ದವರು. 1986ರಲ್ಲಿ ‘ಸ್ಯಾವಿ’ ಎಂಬ ಇಂಗ್ಲಿಷ್ ಮಹಿಳಾ ಪತ್ರಿಕೆಗೆ ಸಂದರ್ಶನ ಕೊಟ್ಟು, ತಾನು ಸಲಿಂಗಪ್ರೇಮಿ ಎಂದು ಹೆಸರು ಮುಚ್ಚಿಡದೆ ಹೇಳಿಕೊಂಡರು. ಭಾರತದಲ್ಲಿ ಹಾಗೆ ಬಹಿರಂಗವಾಗಿ ಹೇಳಿಕೊಂಡವರಲ್ಲಿ ಅವರೇ ಮೊದಲಿಗರು ಎಂಬ ಮಾತಿದೆ. ಪತ್ರಿಕೆಗೆ ಬರುತ್ತಿದ್ದ ಕಾಗದಗಳಿಗೆ ಕಾಗದದಲ್ಲೇ ಉತ್ತರ ಕೊಟ್ಟರೆ ಸಾಲದು, ಬಂದವರು ಕೂರಲು ಒಂದು ಜಾಗ ಬೇಕು ಎನ್ನಿಸಿದಾಗ 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಹುಟ್ಟಿತು. ಅಶೋಕ್ ರಾವ್ ಕವಿಯವರ ಜೊತೆಗೆ ಸುಹೇಲ್ ಅಬ್ಬಾಸಿ ಇದ್ದರು, ಶ್ರೀಧರ್ ರಂಗಾಯನ್ ಇದ್ದರು. ಮೂರನೆಯ ಹೆಸರನ್ನು ಕನ್ನಡದ ಓದುಗರು ಗಮನಿಸಬೇಕು. ರಂಗಾಯನ್ ಮಂಡ್ಯದಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಓದಿ, ಪವಾಯಿಯ ಐಐಟಿಯಲ್ಲಿ ವಿನ್ಯಾಸ ಕಲಿತು, ಸಿನಿಮಾಕ್ಕೆ ಹೊರಳಿದವರು. ಕನ್ನಡ ನಾಡಿನಿಂದ ಮುಂಬೈಗೆ ಹೋದವರಿಗೆ ವಿಳಾಸದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಕರಾವಳಿಯ ಮೊಗವೀರರು 1902ರಷ್ಟು ಹಿಂದೆಯೇ ಅಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ರಾತ್ರಿಶಾಲೆಗಳು ನಡೆದವು. ಊರಿನವರ ಖೋಲಿಯ ವಿಳಾಸ ಬರೆದ ಒಂದು ಚೀಟಿ ಜೇಬಿನಲ್ಲಿದ್ದರೆ ಬೋರಿಬಂದರಿನಲ್ಲಿ ಇಳಿದವನು ದಿಕ್ಕೆಡುತ್ತಿರಲಿಲ್ಲ. ಆದರೆ ಅದೇ ಖೋಲಿಯಲ್ಲಿ ಹತ್ತು ಜನರ ನಡುವೆ ಚಾಪೆ ಹಾಸಿ ಮಲಗುವ ಹುಡುಗನೊಬ್ಬನ ಮನಸ್ಸು ಬೇರೆ ಇದ್ದರೆ? ಊರಿನ ವಿಳಾಸವೇ ಅವನಿಗೆ ಬೇಲಿ. ಜಾತಿಯ ಸಂಘ, ಭಾಷೆಯ ಸಂಘ, ಜಿಲ್ಲೆಯ ಸಂಘ ಎಲ್ಲ ಇದ್ದ ಆ ನಗರದಲ್ಲಿ ಅವನು ಸೇರಬಹುದಾದ ಸಂಘ ಮಾತ್ರ ಇರಲಿಲ್ಲ.

ಆ ಜಾಗ ಕೊನೆಗೆ ಸಿಕ್ಕಿದ್ದು ಸಾಂತಾಕ್ರೂಜ್ ಪೂರ್ವದ ವಕೋಲಾದಲ್ಲಿ, ನೆಹರು ರಸ್ತೆಯ ಮಾರ್ಕೆಟ್ ಬಳಿ. ಕೊಟ್ಟವರು ಯಾರೆಂಬುದು ಇಡೀ ಕಥೆಯ ಸೋಜಿಗ: ಬೃಹನ್ಮುಂಬೈ ಮಹಾನಗರಪಾಲಿಕೆ. ತನ್ನ ಹಳೆಯ ಕಟ್ಟಡದಲ್ಲಿ ಪಾಲಿಕೆ ಜಾಗ ಬಿಟ್ಟುಕೊಟ್ಟಿತು. ಸರ್ಕಾರದ ಒಂದು ಕೈ ಯಾರನ್ನು ಅಪರಾಧಿ ಎನ್ನುತ್ತಿತ್ತೋ ಅವರಿಗೇ ಇನ್ನೊಂದು ಕೈ ಬೀಗದ ಕೈ ಕೊಡುತ್ತಿತ್ತು. ಜಾಗದ ಆಯ್ಕೆಯಲ್ಲಿ ಒಂದು ಜಾಣತನವೂ ಇತ್ತು, ಅದು ಉದ್ದೇಶಪೂರ್ವಕವೋ ಆಕಸ್ಮಿಕವೋ. ಪಾಲಿಕೆಯ ಕಟ್ಟಡದ ಮೆಟ್ಟಿಲು ಹತ್ತುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಲಸಿಕೆಗೋ ದಾಖಲೆಗೋ ದೂರು ಕೊಡಲಿಕ್ಕೋ, ಜನ ನೂರು ಕೆಲಸಕ್ಕೆ ಹತ್ತಿ ಇಳಿಯುವ ಮೆಟ್ಟಿಲು ಅದು. ಕೊಲಾಬಾದ ಬಾರಿನ ಬಾಗಿಲಲ್ಲಿ ಎಡವುವ ಹುಡುಗ ಇಲ್ಲಿ ಎಡವಬೇಕಾಗಿಲ್ಲ. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡೇ ಒಳಗೆ ಹೋಗಿ, ಒಂದು ತಾಸು ಕೂತು, ವಿರಾರ್ ಲೋಕಲ್ ಹಿಡಿಯಬಹುದು. ಶುಕ್ರವಾರದ ಕೂಟಗಳು ಅಲ್ಲಿ ನಡೆಯುತ್ತಿದ್ದವು. ಮೊದಲ ಸಲ ಬಂದವನಿಗೆ ಅಲ್ಲಿ ಸಿಗುತ್ತಿದ್ದ ಔಷಧ ಬಹಳ ಸರಳವಾದದ್ದು: ತನ್ನಂಥವರು ಇಪ್ಪತ್ತು ಮಂದಿ ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿರುವ ದೃಶ್ಯ.

ಮೊದಲ ಆಕ್ಷೇಪ ಇಲ್ಲಿಯೇ ಬರುತ್ತದೆ. ಪಾಲಿಕೆ ಜಾಗ ಕೊಟ್ಟದ್ದು ಕರುಣೆಯಿಂದಲ್ಲ, ಏಡ್ಸ್ ಭಯದಿಂದ ಎಂದು. 1986ರಲ್ಲಿ ಭಾರತದಲ್ಲಿ ಎಚ್ಐವಿ ಸೋಂಕು ಪತ್ತೆಯಾಯಿತು. ತೊಂಬತ್ತರ ದಶಕದಲ್ಲಿ ಮುಂಬೈ ಅದರ ದೊಡ್ಡ ಕೇಂದ್ರಗಳಲ್ಲಿ ಒಂದಾಯಿತು, ಕಾಂಡೋಮು ಹಂಚಲು ಹಣ ಹರಿಯಿತು, ಆ ಹಣದ ನೆರಳಲ್ಲಿ ಸಂಘಟನೆಗಳು ಬೆಳೆದವು. ಈ ಮಾತನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆರೋಗ್ಯ ಇಲಾಖೆಗೆ ಬೇಕಾಗಿದ್ದದ್ದು ರೋಗ ಹರಡದಿರುವುದು, ಮನುಷ್ಯನ ಒಂಟಿತನ ನೀಗುವುದಲ್ಲ. ಅದರ ಲೆಕ್ಕದ ಪುಸ್ತಕದಲ್ಲಿ ಮನುಷ್ಯರು ‘ಗುರಿ ಗುಂಪು’ಗಳಾಗಿದ್ದರು. ಆದರೆ ಹಣ ಬರುವ ಮುಂಚೆಯೇ ‘ಬಾಂಬೆ ದೋಸ್ತ್’ ಬಂದಿತ್ತು. ಆ ಹಣದ ಹತ್ತಿರ ಎಂದೂ ಹೋಗದ ಹೆಂಗಸರ ಗುಂಪುಗಳೂ ಅದೇ ಹೊತ್ತಿಗೆ ಹುಟ್ಟಿದ್ದವು. ಹಣ ನೀರಿದ್ದಂತೆ, ಬೀಜ ಬೇರೆ ಕಡೆಯಿಂದ ಬಂತು. ನೀರು ಎಲ್ಲಿ ಹರಿಯಿತೋ ಅಲ್ಲಿ ಮಾತ್ರ ಗಿಡ ದಪ್ಪವಾಯಿತು ಎಂಬುದೂ ನಿಜ, ಅದರ ಬೆಲೆ ತೆತ್ತವರ ಬಗ್ಗೆ ಮುಂದೆ ಹೇಳುತ್ತೇನೆ.

ವಕೋಲಾದ ಕೋಣೆಗೆ ಬರುತ್ತಿದ್ದವರು ರೋಗದ ಬಗ್ಗೆ ಮಾತಾಡಿದ್ದಕ್ಕಿಂತ ಪೊಲೀಸರ ಬಗ್ಗೆ, ಸುಲಿಗೆಕೋರರ ಬಗ್ಗೆ ಮಾತಾಡಿದ್ದೇ ಹೆಚ್ಚಿರಬೇಕು. ಮುಂಬೈಯ ಸುಲಿಗೆಯ ರೀತಿ ಎಲ್ಲರಿಗೂ ಗೊತ್ತಿದ್ದದ್ದು. ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೋ ಉದ್ಯಾನದ ಬೆಂಚಿನಲ್ಲೋ ಒಬ್ಬ ಸ್ನೇಹದಿಂದ ಮಾತಿಗಿಳಿಯುತ್ತಾನೆ, ಸ್ವಲ್ಪ ದೂರ ನಡೆದ ಮೇಲೆ ಇನ್ನಿಬ್ಬರು ಸೇರಿಕೊಳ್ಳುತ್ತಾರೆ. ಆಮೇಲೆ ಕೈಗಡಿಯಾರ, ಉಂಗುರ, ಪರ್ಸು. ಕೊನೆಗೆ ಆಫೀಸಿನ ಗುರುತಿನ ಚೀಟಿ ಕಸಿದುಕೊಂಡು ‘ಮನೆಗೆ ಹೇಳಲಾ’ ಎಂಬ ಪ್ರಶ್ನೆ. ಸಮವಸ್ತ್ರದಲ್ಲಿರುವವನಾದರೆ 377ರ ಹೆಸರು ಹೇಳಿ ಬೆದರಿಸಿ, ಬಾಂಬೆ ಪೊಲೀಸ್ ಕಾಯ್ದೆಯ ಅಸಭ್ಯ ವರ್ತನೆಯ ಕಲಮಿನಲ್ಲಿ ದಂಡ ಹಾಕಿದರಾಯಿತು, ಅಥವಾ ರಸೀದಿಯಿಲ್ಲದೆ ಮುಗಿಸಿದರಾಯಿತು. ದೂರು ಕೊಡಲು ಠಾಣೆಗೆ ಹೋದವನು ಮೊದಲು ತನ್ನ ಅಪರಾಧ ಒಪ್ಪಿಕೊಳ್ಳಬೇಕಾಗಿದ್ದ ವಿಚಿತ್ರ ಕಾನೂನು ಅದು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಈ ಕಲಮಿನಡಿ ಇನ್ನೂರಕ್ಕಿಂತ ಕಡಿಮೆ ಜನರ ಮೇಲೆ ಮೊಕದ್ದಮೆ ನಡೆದಿದೆ ಎಂಬುದು. ವರದಿಯಾದ ತೀರ್ಪುಗಳನ್ನು ಎಣಿಸಿದರೆ ಆ ಲೆಕ್ಕ ಸರಿಯಿರಬಹುದು. ಕಸಿದ ಗಡಿಯಾರಗಳನ್ನು ಎಣಿಸುವ ತೀರ್ಪು ಯಾವ ಕಪಾಟಿನಲ್ಲಿದೆ? ಕಾನೂನು ಕೋರ್ಟಿನೊಳಗೆ ಮಲಗಿತ್ತು, ಕೋರ್ಟಿನ ಹೊರಗೆ ಎದ್ದು ಓಡಾಡುತ್ತಿತ್ತು. ಈ ಎರಡನೆಯ ಲೆಕ್ಕ ಗೊತ್ತಿದ್ದದ್ದು ಸಂಕಟದಲ್ಲಿ ಸಿಕ್ಕವನ ಫೋನು ಬಂದಾಗ ಠಾಣೆಗೆ ಓಡುತ್ತಿದ್ದ ಕಾರ್ಯಕರ್ತರಿಗೆ, ಅವರ ಜೊತೆ ಹೋಗುತ್ತಿದ್ದ ವಕೀಲರಿಗೆ. ಬೆಂಗಳೂರಿನಲ್ಲೂ ಹೀಗೆಯೇ ಆಯಿತು. ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್-ಕರ್ನಾಟಕ 2001ರಲ್ಲೂ 2003ರಲ್ಲೂ ಪ್ರಕಟಿಸಿದ ವರದಿಗಳು ಬೀದಿಯ ಆ ಲೆಕ್ಕವನ್ನು ಕಾಗದಕ್ಕೆ ಇಳಿಸಿದವು. 2009ರ ದೆಹಲಿ ಹೈಕೋರ್ಟಿನ ತೀರ್ಪು ಲಖನೌ ಮತ್ತು ಬೆಂಗಳೂರಿನ ಪೊಲೀಸ್ ಕಿರುಕುಳದ ಘಟನೆಗಳನ್ನು ಹೆಸರಿಸಿ ಮಾತಾಡಲು ಸಾಧ್ಯವಾದದ್ದು ಯಾರೋ ಅವನ್ನು ಬರೆದಿಟ್ಟಿದ್ದರಿಂದ.

ಹೆಂಗಸರ ವಿಷಯ ಬೇರೆ. ಗಂಡಸಿಗೆ ಉದ್ಯಾನವಿತ್ತು, ಸ್ಟೇಷನ್ನಿತ್ತು, ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ಸ್ವಾತಂತ್ರ್ಯವಿತ್ತು. ಹೆಂಗಸಿಗೆ ಅಪಾಯ ಬೀದಿಯಲ್ಲಿದ್ದದ್ದಕ್ಕಿಂತ ಮನೆಯಲ್ಲೇ ಹೆಚ್ಚು: ಬೀಗ ಹಾಕಿದ ಕೋಣೆ, ಅವಸರದ ಮದುವೆ, ಕಸಿದುಕೊಂಡ ಫೋನು. 1995ರಲ್ಲಿ ಮುಂಬೈಯಲ್ಲಿ ಸ್ತ್ರೀ ಸಂಗಮ್ ಎಂಬ ಗುಂಪು ಸೇರಿತು. ಮುಂದೆ ಅದೇ ಲೇಬಿಯಾ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿತು. ಸಂಬಳವಿಲ್ಲ, ಕಚೇರಿಯಿಲ್ಲ, ಏಡ್ಸ್ ನಿಧಿ ಇಲ್ಲ. ಗೆಳತಿಯರ ಮನೆಗಳೇ ಕಚೇರಿ. ಇವರಿಗೆ ಆಸರೆಯಾಗಬೇಕಿದ್ದ ಮಹಿಳಾ ಚಳವಳಿ ಮೊದಮೊದಲು ಅನುಮಾನದಿಂದಲೇ ನೋಡಿತು. 1994ರ ಕೊನೆಯಲ್ಲಿ ಮುಂಬೈಯಲ್ಲಿ ಸಲಿಂಗಪ್ರೇಮಿ ಪುರುಷರ ಸಮ್ಮೇಳನ ನಡೆಯಲಿದ್ದಾಗ ಅದನ್ನು ನಿಲ್ಲಿಸಬೇಕೆಂದು ಪ್ರಧಾನಿಗೆ ಬರೆದವರು ಯಾವ ಮಠಾಧೀಶರೂ ಅಲ್ಲ. ಎಡಪಂಥದ ಜೊತೆಗಿದ್ದ ರಾಷ್ಟ್ರೀಯ ಮಹಿಳಾ ಒಕ್ಕೂಟದ ವಿಮ್ಲಾ ಫಾರೂಕಿ. ಇದು ಪಶ್ಚಿಮದ ಕೊಳೆ ಎಂಬ ಭಾವ ಎಡಕ್ಕೂ ಇತ್ತು, ಬಲಕ್ಕೂ ಇತ್ತು. ನಾಲ್ಕು ವರ್ಷದ ಮೇಲೆ ಬಲದ ಸರದಿ. ಸೆನ್ಸಾರ್ ಮಂಡಳಿ ಒಂದು ಕತ್ತರಿಯನ್ನೂ ಹಾಕದೆ ಬಿಟ್ಟಿದ್ದ ದೀಪಾ ಮೆಹ್ತಾ ಅವರ, ಇಬ್ಬರು ಹೆಂಗಸರ ಪ್ರೀತಿಯ ಚಿತ್ರ ‘ಫೈರ್’ ನಡೆಯುತ್ತಿದ್ದ ಗೋರೆಗಾಂವಿನ ಸಿನಿಮ್ಯಾಕ್ಸ್ ಚಿತ್ರಮಂದಿರಕ್ಕೆ 1998ರ ಡಿಸೆಂಬರ್ 2ರಂದು ಶಿವಸೈನಿಕರು ನುಗ್ಗಿ ಗಾಜು ಒಡೆದರು. ಮುಖ್ಯಮಂತ್ರಿ ಮನೋಹರ್ ಜೋಶಿ ಅವರನ್ನು ಮೆಚ್ಚಿಕೊಂಡರು. ಚಿತ್ರ ಮತ್ತೆ ಸೆನ್ಸಾರಿಗೆ ಹೋಗಿ, ಮುಂದಿನ ವರ್ಷ ಮತ್ತೆ ತೆರೆಗೆ ಬಂತು. ಈ ಗಲಾಟೆಯ ಒಂದು ಪರಿಣಾಮವನ್ನು ಗಾಜು ಒಡೆದವರು ಊಹಿಸಿರಲಿಲ್ಲ: ಹೆಸರು ಹೇಳಬಾರದ ವಿಷಯದ ಹೆಸರು ಎಲ್ಲ ಭಾಷೆಗಳ ದಿನಪತ್ರಿಕೆಗಳ ಮುಖಪುಟಕ್ಕೆ ಬಂದುಬಿಟ್ಟಿತು. ಮರುವರ್ಷ, 1999ರಲ್ಲಿ, ಮುಂಬೈಯ ಮಾನವ ಹಕ್ಕು ಮತ್ತು ಕಾನೂನು ಕೇಂದ್ರವೊಂದು ಬೀನಾ ಫರ್ನಾಂಡಿಸ್ ಸಂಪಾದಿಸಿದ ‘ಹಮ್‌ಜಿನ್ಸಿ’ ಎಂಬ ಪುಸ್ತಕ ತಂದಿತು. ಕಾನೂನು ಏನು ಹೇಳುತ್ತದೆ, ಹಕ್ಕುಗಳಿಗಾಗಿ ಎಲ್ಲೆಲ್ಲಿ ಏನು ನಡೆದಿದೆ ಎಂಬುದನ್ನೆಲ್ಲ ಒಂದೆಡೆ ಸೇರಿಸಿದ ಕೈಪಿಡಿ. ಕಂದು ಕಾಗದದ ಪತ್ರಿಕೆಯಿಂದ ಒಂಬತ್ತೇ ವರ್ಷದಲ್ಲಿ ರಟ್ಟು ಹಾಕಿದ ಪುಸ್ತಕ.

ಇನ್ನೊಂದು ಆಕ್ಷೇಪವನ್ನು ಚಳವಳಿಯ ಒಳಗಿನವರೇ ಹೆಚ್ಚು ಎತ್ತಿದ್ದಾರೆ. ಇದೆಲ್ಲ ಇಂಗ್ಲಿಷ್ ಬಲ್ಲವರ, ಬಾಂದ್ರಾದಿಂದ ದಕ್ಷಿಣಕ್ಕಿರುವವರ ಆಟ, ಮಾನ್‌ಖುರ್ದಿನ ಗುಡಿಸಲಿಗೆ ಏನು ತಲುಪಿತು ಎಂದು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಪತ್ರಿಕೆಯ ಭಾಷೆ ಹೆಚ್ಚಾಗಿ ಇಂಗ್ಲಿಷು, ಶನಿವಾರದ ಪಾರ್ಟಿಗಳ ಪ್ರವೇಶ ಶುಲ್ಕ ಹೋಟೆಲ್ ಹುಡುಗನ ವಾರದ ಕೂಲಿ. ಆದರೂ ಈ ನಗರದ ಅತಿ ಹಳೆಯ ಆಸರೆ ಇಂಗ್ಲಿಷಿನದ್ದಲ್ಲ ಎಂಬುದನ್ನು ಆಕ್ಷೇಪಕರು ಮರೆಯುತ್ತಾರೆ. ಹಿಜ್ರಾಗಳ ಘರಾನಾಗಳು ಹಮ್‌ಸಫರ್‌ಗಿಂತ ಎಷ್ಟೋ ತಲೆಮಾರು ಹಿಂದಿನವು. ಮನೆಯಿಂದ ಹೊರದಬ್ಬಿಸಿಕೊಂಡ ಮಗು ಬಾಗಿಲು ತಟ್ಟಿದರೆ ಗುರು ಎಂಬಾಕೆ ಒಳಗೆ ಕರೆದು ಊಟ ಹಾಕಿ ಹೆಸರು ಕೊಡುತ್ತಾಳೆ. ನಮ್ಮ ಉತ್ತರ ಕರ್ನಾಟಕದಲ್ಲಿ ಜೋಗಪ್ಪಂದಿರಿಗೆ ಎಲ್ಲಮ್ಮನ ಹೆಸರಿನಲ್ಲಿ ಸಿಕ್ಕ ಆಸರೆಯೂ ಇದಕ್ಕೆ ಹತ್ತಿರದ್ದೇ. ಈ ಆಸರೆಗೆ ಬಾಡಿಗೆ ಇದೆ, ಸಾಲವಿದೆ, ಗುರುವಿನ ಪಾಲಿದೆ, ಬಿಟ್ಟುಹೋಗಲು ದಂಡವಿದೆ. ಅದನ್ನು ಬಣ್ಣ ಹಚ್ಚಿ ತೋರಿಸಬೇಕಾಗಿಲ್ಲ. ಹಾಗಿದ್ದೂ ಬಾಗಿಲು ತೆರೆದದ್ದು ಅದೊಂದೇ. ಥಾಣೆ ನಗರದ ಲಕ್ಷ್ಮೀ ನಾರಾಯಣ್ ತ್ರಿಪಾಠಿ ಅವರ ಹೇಳಿಕೆ 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪಿನಲ್ಲಿ ದಾಖಲಾಗಿದೆ. ಚಿಕ್ಕಂದಿನಿಂದ ಮನೆಯ ಒಳಗೂ ಹೊರಗೂ ಕಿರುಕುಳ, ಎಲ್ಲರ ಬಾಯಲ್ಲಿ ‘ಛಕ್ಕಾ’ ಎಂಬ ಬೈಗುಳ, ಮನಸ್ಸಿನದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲದ ಒಂಟಿತನ, ಕೊನೆಗೆ ಮುಂಬೈಯ ಹಿಜ್ರಾ ಸಮುದಾಯವನ್ನು ಸೇರಿದಾಗ ಬದುಕಿನಲ್ಲಿ ಮೊದಲ ಬಾರಿಗೆ ಮನೆಗೆ ಬಂದಂತಾಯಿತು ಎಂಬ ಮಾತು. ದೇಶದ ಅತ್ಯುನ್ನತ ನ್ಯಾಯಾಲಯ ಒಂದು ಮಗುವನ್ನು ಛೇಡಿಸಿದ್ದನ್ನು ಸಾಕ್ಷ್ಯವೆಂದು ಬರೆದುಕೊಂಡು, ಅದರ ಮೇಲೆ ಮೂರನೆಯ ಲಿಂಗದ ಹಕ್ಕನ್ನು ಕಟ್ಟಿತು. ಲಕ್ಷ್ಮೀ ಹಿಜ್ರಾಗಳದೇ ಸಂಸ್ಥೆಯಾದ ದಾಯ್ ವೆಲ್ಫೇರ್ ಸೊಸೈಟಿಯಲ್ಲಿ ಕೆಲಸ ಮಾಡಿ, 2007ರಲ್ಲಿ ‘ಅಸ್ತಿತ್ವ’ವನ್ನು ಕಟ್ಟಿದ್ದವರು. ಮೊದಲು ಮನೆ, ಆಮೇಲೆ ಸಂಸ್ಥೆ, ಅದಾದ ಮೇಲೆ ತೀರ್ಪು. ಇಲ್ಲೂ ಕ್ರಮ ಅದೇ.

2008ರ ಆಗಸ್ಟ್ 16ರಂದು, ಸ್ವಾತಂತ್ರ್ಯ ದಿನದ ಮರುದಿನ, ‘ಕ್ವಿಯರ್ ಆಜಾದಿ’ ಮೆರವಣಿಗೆ ಆಗಸ್ಟ್ ಕ್ರಾಂತಿ ಮೈದಾನದಿಂದ ಗಿರಗಾಂವ್ ಚೌಪಾಟಿಗೆ ಹೊರಟಿತು. 1942ರಲ್ಲಿ ಬ್ರಿಟಿಷರಿಗೆ ದೇಶ ಬಿಟ್ಟು ತೊಲಗಿ ಎಂದು ಗಾಂಧೀಜಿ ಹೇಳಿದ ಅದೇ ಮೈದಾನ. ಮೆರವಣಿಗೆಯವರು ಕೇಳಿದ್ದರಲ್ಲಿ ಒಂದು, 377ನ್ನು ಬಿಟ್ಟುಹೋದದ್ದಕ್ಕೆ ಬ್ರಿಟನ್ ಕ್ಷಮೆ ಕೇಳಬೇಕು ಎಂಬುದು. ಇದೆಲ್ಲ ಪರದೇಶದಿಂದ ಬಂದದ್ದು ಎಂದು ಎಡಬಲಗಳೆರಡೂ ಹೇಳಿದ್ದಕ್ಕೆ ಇದಕ್ಕಿಂತ ಮುದ್ದಾದ ಉತ್ತರ ನನಗೆ ಹೊಳೆಯುವುದಿಲ್ಲ: ಹಡಗಿನಲ್ಲಿ ಬಂದದ್ದು ಪ್ರೀತಿಯಲ್ಲ, ದಂಡಸಂಹಿತೆ. (2020ರಲ್ಲಿ ಆ ಮೈದಾನಕ್ಕೆ ಪೊಲೀಸರು ಅನುಮತಿ ಕೊಡದೆ, ಸಭೆ ಆಜಾದ್ ಮೈದಾನದಲ್ಲಿ ನಡೆಯಿತೆಂಬುದನ್ನೂ ಸೇರಿಸಿಬಿಡಬೇಕು. ಸಿಕ್ಕ ವಿಳಾಸ ಖಾಯಂ ಅಲ್ಲ.) ಮುಂದಿನ ಹತ್ತು ವರ್ಷದಲ್ಲಿ ಬಂದ ತೀರ್ಪುಗಳ ಅರ್ಜಿದಾರರ ಪಟ್ಟಿಯನ್ನು ಓದಿದರೆ ನನ್ನ ವಾದಕ್ಕೆ ಬೇಕಾದ ಪುರಾವೆ ಅಲ್ಲಿಯೇ ಇದೆ. ದೆಹಲಿ ಹೈಕೋರ್ಟಿಗೆ ಹೋದ ನಾಜ್ ಫೌಂಡೇಶನ್ ಏಡ್ಸ್ ತಡೆಯುವ ಕೆಲಸ ಮಾಡುತ್ತಿದ್ದ ಸಂಸ್ಥೆ, ಅದರ ಪರ ವಾದಿಸಿದವರು ಮುಂಬೈಯಲ್ಲಿ ಹುಟ್ಟಿದ ಲಾಯರ್ಸ್ ಕಲೆಕ್ಟಿವ್‌ನ ಆನಂದ್ ಗ್ರೋವರ್. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಅರ್ಜಿಗಳಲ್ಲಿ ಹಮ್‌ಸಫರ್ ಮತ್ತು ಅಶೋಕ್ ರಾವ್ ಕವಿಯವರದೂ ಇತ್ತು. ಇನ್ನೊಂದು, ಬೇರೆಬೇರೆ ಐಐಟಿಗಳ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳದ್ದು. ಕ್ಯಾಂಪಸ್ಸಿನಲ್ಲಿ ಒಬ್ಬರಿಗೊಬ್ಬರು ಒದಗಲೆಂದು ಕಟ್ಟಿಕೊಂಡ ಬಳಗಗಳಿಂದ ಬಂದವರು ಅವರು. ಪವಾಯಿಯ ಐಐಟಿಯಲ್ಲಿ ‘ಸಾಥಿ’ ಎಂಬ ಅಂಥ ಗುಂಪು 2011ರಲ್ಲೇ ಇತ್ತು. ಇವರಿಗೆ ದಾರಿ ತೆರೆದ 2017ರ ಖಾಸಗಿತನದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನದು. ಆಧಾರ್ ವಿರುದ್ಧ ಕೋರ್ಟಿಗೆ ಹೋದ ಹಿರಿಯರ ಅರ್ಜಿ ವಕೋಲಾದ ಹುಡುಗರಿಗೂ ನೆರಳಾದದ್ದು ಚರಿತ್ರೆಯ ಒಂದು ತಮಾಷೆ.

ಹಾಗಾದರೆ ಕೋರ್ಟುಗಳು ಏನೂ ಮಾಡಲಿಲ್ಲವೇ ಎಂದರೆ, ಮಾಡಿದವು. ತೀರ್ಪು ಬಂದ ದಿನ ಸುಲಿಗೆಕೋರನ ಕೈಯಲ್ಲಿದ್ದ ಕತ್ತಿ ಮೊಂಡಾಯಿತು. ಆದರೆ ಮನೆಯ ಒಳಗೆ ಕೋರ್ಟಿನ ಅಮೀನ ಬರುವುದಿಲ್ಲ, ಅಲ್ಲಿಗೆ ಹೋಗಲು ಬೇರೆ ದಾರಿ ಬೇಕಾಯಿತು. 2013ರ ತೀರ್ಪಿನಿಂದ ಸಂಬಂಧವೇ ಅಪರಾಧವಾಗಿದ್ದ ಕಾಲದಲ್ಲಿ, 2015ರ ಮೇ ತಿಂಗಳಲ್ಲಿ, ಪದ್ಮಾ ಅಯ್ಯರ್ ಎಂಬ ತಾಯಿ ತಮ್ಮ ಮಗ ಹರೀಶ್‌ಗೆ ವರ ಬೇಕೆಂದು ‘ಮಿಡ್-ಡೇ’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬೇರೆ ಪತ್ರಿಕೆಗಳು ಒಲ್ಲೆನೆಂದಿದ್ದವು. ವಯಸ್ಸು, ಎತ್ತರ, ಸಸ್ಯಾಹಾರಿ, ಪ್ರಾಣಿಗಳನ್ನು ಪ್ರೀತಿಸುವವನು ಎಂದೆಲ್ಲ ಸಾಲುಸಾಲಾಗಿ ಬರೆದು, ಜಾತಿಯ ಅಡ್ಡಿಯಿಲ್ಲ, ಆದರೆ ಅಯ್ಯರ್ ಆದರೆ ಒಳ್ಳೆಯದು ಎಂಬರ್ಥದ ಸೇರ್ಪಡೆಯೂ ಇತ್ತು. ಆ ಕೊನೆಯ ಮಾತಿಗೆ ಬಂದ ಟೀಕೆ ಕಡಿಮೆಯಲ್ಲ, ಟೀಕೆ ನ್ಯಾಯವಾದದ್ದೇ. ತಮಾಷೆಗೆ ಹೇಳಿದ್ದೆಂಬ ಸಮಜಾಯಿಷಿಯಿಂದ ಜಾತಿ ಹಗುರವಾಗುವುದಿಲ್ಲ. ಆದರೆ ಭಾನುವಾರದ ವಧೂವರರ ಅಂಕಣದ ವ್ಯಾಕರಣವನ್ನೇ ಹಿಡಿದು ಮಾತಾಡಿದ್ದರಿಂದ ಆ ಜಾಹೀರಾತು ನಮ್ಮ ಅಮ್ಮಂದಿರಿಗೆ ಥಟ್ಟನೆ ಅರ್ಥವಾಯಿತು, ಹಕ್ಕುಗಳ ಭಾಷಣ ಹಾಗೆ ಅರ್ಥವಾಗುತ್ತಿರಲಿಲ್ಲ. 2017ರಲ್ಲಿ ಮುಂಬೈಯಲ್ಲಿ ‘ಸ್ವೀಕಾರ್’ ಎಂಬ ತಂದೆತಾಯಿಯರ ಬಳಗ ಸೇರಿತು, ಅದರ ಹಿಂದೆಯೂ ರಂಗಾಯನ್ ಇದ್ದರು. ಅವರು 2018ರಲ್ಲಿ ತಂದ ‘ಈವ್ನಿಂಗ್ ಶಾಡೋಸ್’ ದಕ್ಷಿಣದ ಒಂದು ಸಣ್ಣ ಊರಿನ ತಾಯಿಗೆ ಮಗ ನಿಜ ಹೇಳುವ ಕಥೆ. 2003ರ ಅವರ ‘ಗುಲಾಬಿ ಆಯಿನಾ’ವನ್ನು ಸೆನ್ಸಾರ್ ಮಂಡಳಿ ಬಿಡುಗಡೆಗೇ ಬಿಟ್ಟಿರಲಿಲ್ಲ. ಅವರೇ 2010ರಲ್ಲಿ ಶುರುಮಾಡಿದ ಕಶಿಶ್ ಚಿತ್ರೋತ್ಸವ ಮುಂದೆ ಸಿನಿಮ್ಯಾಕ್ಸಿನದೇ ವರ್ಸೋವಾ ಚಿತ್ರಮಂದಿರದಲ್ಲಿ ನಡೆಯಿತು, ಗಾಜು ಯಾರೂ ಒಡೆಯಲಿಲ್ಲ. 2023ರಲ್ಲಿ ಮದುವೆಯ ಹಕ್ಕಿನ ವಿಚಾರಣೆ ನಡೆಯುವಾಗ ಸ್ವೀಕಾರ್‌ನ ನಾನೂರಕ್ಕೂ ಹೆಚ್ಚು ತಂದೆತಾಯಿಯರು ಮುಖ್ಯ ನ್ಯಾಯಮೂರ್ತಿಗೆ ಕಾಗದ ಬರೆದರು. ಅಕ್ಟೋಬರ್ 17ರಂದು ಕೋರ್ಟು ಆ ಹಕ್ಕನ್ನು ಕೊಡಲಿಲ್ಲ. ಬಳಗ ಮುಚ್ಚಿಹೋಗ‌ಲಿಲ್ಲ, ಹೊಸ ತಾಯಿಯರ ಫೋನುಗಳು ಬರುವುದೂ ನಿಲ್ಲಲಿಲ್ಲ. ತೀರ್ಪನ್ನು ನೆಚ್ಚಿ ಹುಟ್ಟಿದ್ದಾಗಿದ್ದರೆ ಅಂದೇ ಅದರ ಬಾಗಿಲು ಹಾಕಬೇಕಿತ್ತು.

ನನ್ನ ವಾದಕ್ಕೆ ನಿಜವಾದ ಪೆಟ್ಟು ಬೀಳುವುದು ಶಾಲೆಯ ಅಂಗಳದಲ್ಲಿ. ಹಮ್‌ಸಫರ್‌ನ ಯುವ ಬಳಗ ‘ಯಾರಿಯಾಂ’ ಇರುವುದು ಹದಿನೆಂಟು ದಾಟಿದವರಿಗೆ. ಅಪ್ರಾಪ್ತರ ಜೊತೆ ಕೆಲಸ ಮಾಡಿದರೆ ಎಂಥ ಆರೋಪ ಬಂದೀತೆಂದು ಇಂಥ ಸಂಸ್ಥೆಗಳು ಮೊದಲಿನಿಂದ ಹೆದರುತ್ತ ಬಂದಿವೆ, 2012ರ ಪೋಕ್ಸೋ ಕಾಯ್ದೆಯ ನಂತರ ಆ ಹೆದರಿಕೆ ಇನ್ನೂ ಗಟ್ಟಿಯಾಯಿತು. ಛೇಡಿಸುವಿಕೆ ಹದಿನೆಂಟರವರೆಗೆ ಕಾಯುವುದಿಲ್ಲ. ನಡಿಗೆ ಸ್ವಲ್ಪ ಬಳುಕಿದರೆ, ದನಿ ಒಡೆಯುವುದು ತಡವಾದರೆ ಏಳನೆಯ ತರಗತಿಯಲ್ಲೇ ‘ಬಾಯ್ಲ್ಯಾ’ ಎಂಬ ಮರಾಠಿ ಹೆಸರು ಬೀಳುತ್ತದೆ, ನಮ್ಮ ಕಡೆಯ ಶಾಲೆಯಲ್ಲಾದರೆ ‘ಹೆಣ್ಣಿಗ’. 2019ರಲ್ಲಿ ಯುನೆಸ್ಕೊ ತಮಿಳುನಾಡಿನಲ್ಲಿ ಸುಮಾರು 400 ಯುವಜನರನ್ನು ಮಾತಾಡಿಸಿ ಮಾಡಿದ ಅಧ್ಯಯನದಲ್ಲಿ ಶೇ. 60ರಷ್ಟು ಮಂದಿ ಮಾಧ್ಯಮಿಕ, ಪ್ರೌಢಶಾಲೆಯಲ್ಲಿ ದೈಹಿಕ ಕಿರುಕುಳ ಅನುಭವಿಸಿದ್ದರು. ಶಾಲೆಗೆ ದೂರು ಕೊಟ್ಟವರು ಶೇ. 18 ಮಾತ್ರ. ಇನ್ನೂರು ಮೊಕದ್ದಮೆಗಳ ಲೆಕ್ಕದ ಹಿಂದಿದ್ದ ಮೌನವೇ ಇಲ್ಲೂ ಇದೆ. ಕಾಲೇಜಿನ ಮಟ್ಟದಲ್ಲಿ ಒಂದಿಷ್ಟು ಆಗಿದೆ. 2016ರಲ್ಲಿ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಕ್ಕೆ ತಿದ್ದುಪಡಿ ತಂದು ಜಾತಿ, ಧರ್ಮ, ಭಾಷೆಗಳ ಜೊತೆಗೆ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕಾರಣಕ್ಕೆ ಕೊಡುವ ಹಿಂಸೆಯನ್ನೂ ರ‍್ಯಾಗಿಂಗ್ ಎಂದಿತು. ಗಮನಿಸಿ, 377 ಆಗ ಇನ್ನೂ ಜೀವಂತವಾಗಿತ್ತು. 2018ರಲ್ಲಿ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಗಂಡು, ಹೆಣ್ಣು ಎಂಬ ಭೇದವಿಲ್ಲದ ಹಾಸ್ಟೆಲ್ ಜಾಗ ತೆರೆದದ್ದು ಸುಪ್ರೀಂ ಕೋರ್ಟಿನ ತೀರ್ಪಿಗೆ ಕೆಲವು ತಿಂಗಳ ಮುಂಚೆ. ಶಾಲೆಯ ಮಟ್ಟದಲ್ಲಿ ನಡೆದದ್ದು ಇದರ ತದ್ವಿರುದ್ಧ: ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ತರಗತಿಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ 2021ರಲ್ಲಿ ಹೊರತಂದ ಕೈಪಿಡಿ ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಮಾಯವಾಯಿತು. ಆಗ 377 ಹೋಗಿ ಮೂರು ವರ್ಷ ಕಳೆದಿತ್ತು.

ಹಾಗೆಂದು ಹದಿಮೂರರ ಹುಡುಗನಿಗೆ ಈ ನಗರ ಯಾವ ವಿಳಾಸವನ್ನೂ ಕೊಟ್ಟಿಲ್ಲ ಎನ್ನಲಾಗದು. 1996ರಲ್ಲಿ ಅದೇ ಟಾಟಾ ಸಂಸ್ಥೆಯ ಕ್ಷೇತ್ರಕಾರ್ಯವಾಗಿ, ಜೆರೂ ಬಿಲ್ಲಿಮೋರಿಯಾ ಅವರ ಮುತುವರ್ಜಿಯಲ್ಲಿ, ಬೀದಿಮಕ್ಕಳಿಗಾಗಿ ಚೈಲ್ಡ್‌ಲೈನ್ ಶುರುವಾಯಿತು. 1098 ಎಂಬ ನಂಬರನ್ನು ಸ್ಟೇಷನ್ನಿನ ಮಕ್ಕಳು ‘ದಸ್ ನೌ ಆಠ್’ ಎಂದು ನೆನಪಿಟ್ಟುಕೊಂಡರು. ಹತ್ತು, ಒಂಬತ್ತು, ಎಂಟು, ಮೆಟ್ಟಿಲು ಇಳಿದಂತೆ. ನಾಣ್ಯವಿಲ್ಲದೆ ಪಿಸಿಓದಿಂದ ಒತ್ತಬಹುದಾಗಿದ್ದ ನಂಬರದು. 2012ರಲ್ಲಿ ಅದೇ ಆವರಣದಿಂದ ‘ಐಕಾಲ್’ ಎಂಬ ಮಾನಸಿಕ ಆರೋಗ್ಯದ ಫೋನ್ ಸೇವೆ ಹೊರಟಿತು, ಲೈಂಗಿಕತೆಯ ವಿಷಯದಲ್ಲಿ ಮಾತಾಡಲು ಅಳುಕುವವರಿಗೂ ಅದು ಕಿವಿಗೊಟ್ಟಿತು. 1098ರ ಹೊಣೆಯನ್ನು 2023ರ ಹೊತ್ತಿಗೆ ಸರ್ಕಾರ ತಾನೇ ವಹಿಸಿಕೊಂಡು, ತುರ್ತು ಸೇವೆಯ 112ಕ್ಕೆ ಜೋಡಿಸತೊಡಗಿತು. ನಂಬರು ಈಗಲೂ ಅದೇ. ಹುಡುಗನೊಬ್ಬ ಅದನ್ನು ಒತ್ತಿ, ತನ್ನನ್ನು ತರಗತಿಯಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಪಿಸುಗುಟ್ಟಿದಾಗ, ಅತ್ತ ಕಡೆ ಕೂತವರ ಮೇಜಿನ ಮೇಲೆ ಮಾಯವಾದ ಆ ಎನ್‌ಸಿಇಆರ್‌ಟಿ ಕೈಪಿಡಿ ಇರುವುದಿಲ್ಲ.